ಅಟ್ಟದ ಮೇಲಿನ ಸೈಲೆನ್ಸರ್ ಕೆಳಗಿಳಿಸಿ

ಬೈಕು, ಕಾರುಗಳನ್ನು ಬಿಚ್ಚಿ ಜೋಡಿಸುವುದರಲ್ಲಿ, ಅವುಗಳ ಬಲ ಹೆಚ್ಚಿಸುವುದರಲ್ಲಿ, ಕೊಂಡು ಮಾರುವುದರಲ್ಲಿ ಖುಷಿ ಕಾಣುವ ಗೆಳೆಯ ಗೆಳತಿಯರೇ, ಅವರ ಕೆಲಸ ಹಿಡಿಯುವ ಮೆಕ್ಯಾನಿಕ್ ಅಣ್ಣಂದಿರೇ, ಹಳೆ ಗಾಡಿಗಳ ವ್ಯಾಪಾರ ಮಾಡುವವರೇ,

ಈ ಹವ್ಯಾಸ ಬಿಟ್ಟುಬಿಡಿ ಎಂದು ಹೇಳಲು ನಾನು ಬರೆಯುತ್ತಿಲ್ಲ. ಉಗುರಿನ ಸಂದಿಯ ಗ್ರೀಸು ಸೋಪಿಗೆ ಹೋಗದೆ ಒದ್ದಾಡುವವರ ಪೈಕಿ ನಾನೂ ಒಬ್ಬ. ನಿಮ್ಮನ್ನು ಕೇಳಿಕೊಳ್ಳುವುದು ನಾಲ್ಕೇ ಸಂಗತಿ. ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ. ಊರೊಳಗೆ ಓಡಿಸುವಾಗ ಕಂಪನಿ ಸೈಲೆನ್ಸರ್ ಇರಲಿ. ಎಂಜಿನ್‌ಗೆ ದುಡ್ಡು ಹಾಕುವ ಮೊದಲು ಬ್ರೇಕು, ಟೈರಿಗೆ ಹಾಕಿ. ಮಾರುವಾಗ ಗಾಡಿಗೆ ಏನೇನು ಮಾಡಿಸಿದ್ದೀರೋ ಅಷ್ಟನ್ನೂ ಬರೆದು ಕೊಡಿ, ಆರ್.ಸಿ.ಯಲ್ಲಿ ಹೆಸರು ಬದಲಾಗುವ ತನಕ ಕೈಬಿಡಬೇಡಿ. ವೇಗದ ಆಸೆ ಇದ್ದರೆ ಟ್ರ್ಯಾಕಿಗೆ ಹೋಗಿ ತೀರಿಸಿಕೊಳ್ಳಿ.

ಇವೆಲ್ಲ ಗೊತ್ತಿರುವ ಮಾತೇ ಎನ್ನುತ್ತೀರಿ. ಗೊತ್ತಿದ್ದೂ ನಡೆಯುತ್ತಿಲ್ಲ, ಅದಕ್ಕೇ ಈ ಮನವಿ.

ಊರಿನ ಸಹನೆ ಮುಗಿಯುತ್ತಿದೆ

2024ರ ಆಗಸ್ಟ್ 15ರಂದು ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ, ನೆಲಮಂಗಲದ ಹತ್ತಿರ, ವೀಲಿ ಮಾಡುತ್ತಿದ್ದ ಹುಡುಗರ ಎರಡು ಸ್ಕೂಟರ್‌ಗಳನ್ನು ರೊಚ್ಚಿಗೆದ್ದ ಜನ ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದರು. ಕಾನೂನನ್ನು ಕೈಗೆತ್ತಿಕೊಂಡದ್ದು ತಪ್ಪೇ. ಆದರೆ ಆ ವಿಡಿಯೊ ನೋಡಿದ ಎಷ್ಟೋ ಮಂದಿ ‘ಸರಿಯಾಗೇ ಮಾಡಿದರು’ ಎಂದರು. ಆ ಮಾತನ್ನು ನಾವು ಕಿವಿಗೆ ಹಾಕಿಕೊಳ್ಳಬೇಕು. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಹಾಸಿ ರೋಡ್ ರೋಲರ್ ಹಾಯಿಸಿದಾಗಲೂ ಸುತ್ತ ನಿಂತವರ ಮುಖದಲ್ಲಿ ಇದ್ದದ್ದು ಸಮಾಧಾನ.

ವೀಲಿ ಮಾಡುವವನು ಬೇರೆ, ಮೂರು ವರ್ಷ ಹುಡುಕಾಡಿ ಯೆಜ್ಡಿ ರೋಡ್‌ಕಿಂಗ್ ಒಂದನ್ನು ಮತ್ತೆ ಜೀವಕ್ಕೆ ತಂದವನು ಬೇರೆ ಎಂಬುದು ನಮಗೆ ಗೊತ್ತು. ರಾತ್ರಿ ಹನ್ನೊಂದಕ್ಕೆ ಮಗುವನ್ನು ಮಲಗಿಸಿ ಆಗಷ್ಟೇ ಕೂತ ತಾಯಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಗೊತ್ತು ಮಾಡಿಕೊಳ್ಳುವ ಹಂಗೂ ಅವರಿಗಿಲ್ಲ. ಅವರಿಗೆ ಕೇಳಿಸುವುದು ಸದ್ದು ಮಾತ್ರ. ವ್ಯತ್ಯಾಸವನ್ನು ನಡೆದು ತೋರಿಸಬೇಕಾದವರು ನಾವು.

ತೋರಿಸುವುದಕ್ಕೆ ನಮ್ಮಲ್ಲಿ ಬೇಕಾದಷ್ಟಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಬೈಕು ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಬಿಡಿಭಾಗ ಕೊಡುವ ಕಂಪನಿಯೇ ಇಲ್ಲದ ಮೇಲೆ ಆ ಗಾಡಿಗಳು ಗುಜರಿ ಸೇರಬೇಕಿತ್ತು. ಸೇರಲಿಲ್ಲ. ಮೈಸೂರು, ಬೆಂಗಳೂರಿನ ಸಣ್ಣ ಗ್ಯಾರೇಜುಗಳಲ್ಲಿ ಕ್ರ್ಯಾಂಕ್ ಬಿಚ್ಚಿ ಬೇರಿಂಗ್ ಕೂರಿಸಿದವರು, ಲೇತಿನಲ್ಲಿ ಬುಷ್ ತಿರುಗಿಸಿ ಕೊಟ್ಟವರು, ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಅಲೆದು ಬಿಡಿಭಾಗ ಕೂಡಿಟ್ಟವರು ಅವನ್ನು ಉಳಿಸಿದರು. 1985ರಿಂದ 1996ರ ತನಕ ತಯಾರಾದ ಯಮಹಾ ಆರ್‌ಎಕ್ಸ್ 100ರ ಕಥೆಯೂ ಅಷ್ಟೆ: 98 ಸಿಸಿಯ ಆ ಪುಟ್ಟ ಟೂ ಸ್ಟ್ರೋಕ್ ಎಂಜಿನ್ ಮೇಲೆ ಕೈಪಳಗಿಸಿಕೊಂಡೇ ಎಷ್ಟೋ ಹುಡುಗರು ಮೆಕ್ಯಾನಿಕ್‌ಗಳಾದರು. 2015ರಲ್ಲಿ ಡಕಾರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು. 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಬೆಂಗಳೂರಿನವರು. ಡಕಾರ್ ಮರಳಿನಲ್ಲಿ ಗಾಡಿ ಓಡಿಸಿದ ಕೆ.ಪಿ. ಅರವಿಂದ್ ಉಡುಪಿಯವರು. ಇಂಥ ಪರಂಪರೆಗೆ ಬೀದಿಯಲ್ಲಿ ಸಿಗುತ್ತಿರುವ ಹೆಸರು ‘ಪುಂಡರು’ ಎಂದಾದರೆ ಅದರ ಹೊಣೆಯಲ್ಲಿ ನಮ್ಮ ಪಾಲೂ ಇದೆ.

ಮೊದಲನೆಯದು: ಸದ್ದು

ಕಾರ್ಖಾನೆಯಿಂದ ಹೊರಬರುವ ಬೈಕಿಗೆ ಶಬ್ದದ ಮಿತಿ ಇದೆ. 80ರಿಂದ 175 ಸಿಸಿ ತನಕದ್ದಕ್ಕೆ 77 ಡೆಸಿಬೆಲ್, ಅದಕ್ಕೂ ದೊಡ್ಡದಕ್ಕೆ 80 ಡೆಸಿಬೆಲ್ ಎಂಬುದು ಪರಿಸರ ನಿಯಮಗಳು ಗೊತ್ತುಪಡಿಸಿದ ಲೆಕ್ಕ. ಡೆಸಿಬೆಲ್ ಮಾಪನದಲ್ಲಿ ಹತ್ತು ಅಂಕಿ ಏರಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಕೇಳಿಸುತ್ತದೆ. ಹಾಗಾಗಿ ಸದ್ದು ತಗ್ಗಿಸುವ ಡಿಬಿ ಕಿಲ್ಲರ್ ತೆಗೆದು ಬಿಸಾಡಿದ ಪೈಪು ‘ಸ್ವಲ್ಪ ಬೇಸ್ ಜಾಸ್ತಿ’ ಎಂಬ ಮಾತಿಗೆ ನಿಲ್ಲುವಂಥದ್ದಲ್ಲ. ವಸತಿ ಬಡಾವಣೆಗಳಲ್ಲಿ ರಾತ್ರಿ ಒಟ್ಟಾರೆ ಸದ್ದು 45 ಡೆಸಿಬೆಲ್ ಮೀರಬಾರದು, ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಅಂಥ ಬೀದಿಯಲ್ಲಿ ಒಂದೇ ಒಂದು ಖಾಲಿ ಪೈಪು ಹಾದುಹೋದರೆ ಸಾಕು, ಇಡೀ ಓಣಿ ಏಳುತ್ತದೆ.

‘ಸದ್ದಿದ್ದರೆ ಗಾಡಿ ಬರುತ್ತಿರುವುದು ಗೊತ್ತಾಗುತ್ತದೆ, ಅದೇ ಸೇಫ್ಟಿ’ ಎಂಬ ವಾದ ನಮ್ಮ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತದೆ. ಪೈಪಿನ ಬಾಯಿ ಇರುವುದು ಹಿಂದಕ್ಕೆ. ನಮಗೆ ಅಪಾಯ ಬರುವುದು ಬಹುಪಾಲು ಮುಂದಿನಿಂದ: ಅಡ್ಡರಸ್ತೆಯಿಂದ ನುಗ್ಗುವ ಆಟೊ, ಇಂಡಿಕೇಟರ್ ಹಾಕದೆ ತಿರುಗುವ ಕಾರು. ಗಾಜು ಏರಿಸಿ, ಎ.ಸಿ. ಹಾಕಿ, ಹಾಡು ಹಚ್ಚಿಕೊಂಡು ಕೂತವನಿಗೆ ನಮ್ಮ ಸದ್ದು ಮುಟ್ಟುವುದು ನಾವು ಅವನನ್ನು ದಾಟಿದ ಮೇಲೆ. ಹಗಲಲ್ಲೂ ಉರಿಯುವ ಹೆಡ್‌ಲೈಟು, ಕೆಲಸ ಮಾಡುವ ಹಾರ್ನು, ಕಣ್ಣಿಗೆ ಹೊಡೆಯುವ ಜಾಕೆಟ್ಟು ಅದಕ್ಕಿಂತ ಎಷ್ಟೋ ವಾಸಿ.

ಇನ್ನು ಬಲದ ಮಾತು. ಒಂಟಿ ಸಿಲಿಂಡರಿನ ಮಾಮೂಲಿ ಬೈಕಿಗೆ ಸೈಲೆನ್ಸರ್ ಒಂದನ್ನೇ ಬದಲಿಸಿದರೆ ಸಿಗುವ ಬಲ ಕೈಗೆ ಹತ್ತುವಷ್ಟು ಇರುವುದಿಲ್ಲ. ಗಾಳಿ–ಪೆಟ್ರೋಲ್ ಪ್ರಮಾಣ ಹೊಂದಿಸದೆ ಹಾಗೇ ಬಿಟ್ಟರೆ ಮಿಶ್ರಣ ಬಡವಾಗಿ ಎಂಜಿನ್ ಕಾಯುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿಯುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಲ್ಲಂತೂ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅಳೆದು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುವ ಸೆನ್ಸರ್, ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಫುಲ್ ಸಿಸ್ಟಂ ಹಾಕುವ ಆತುರದಲ್ಲಿ ಕನ್ವರ್ಟರನ್ನು ಕಿತ್ತರೆ ಸದ್ದಿನ ಜೊತೆಗೆ ವಿಷವನ್ನೂ ಬೀದಿಗೆ ಬಿಟ್ಟಂತಾಗುತ್ತದೆ.

ಕಾನೂನಿನ ಮಟ್ಟಿಗೆ ಗೊಂದಲಕ್ಕೆ ಎಡೆಯೇ ಇಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಒಪ್ಪಿಗೆಯಿಲ್ಲದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಸೆರೆ, ಅಥವಾ ಎರಡೂ ಆಗಬಹುದು. ಶಬ್ದ, ಹೊಗೆಯ ಮಿತಿ ಮುರಿದರೆ 190(2)ರ ಅಡಿ ಮೊದಲ ಸಲವೇ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಸೆರೆ ವಿಧಿಸಲು ಅವಕಾಶವಿದೆ. ಲೈಸೆನ್ಸ್ ಹೊಂದಲು ಮೂರು ತಿಂಗಳು ಅನರ್ಹರಾಗುತ್ತೇವೆ.

ನಮ್ಮಲ್ಲಿ ಹೆಚ್ಚಿನವರು ಕಂಪನಿ ಸೈಲೆನ್ಸರನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿರುತ್ತೇವೆ, ಮಾರುವಾಗ ಬೇಕಾಗುತ್ತದೆ ಎಂದು. ಅದನ್ನು ಈಗಲೇ ಇಳಿಸಿ. ಎರಡು ಬೋಲ್ಟು, ಒಂದು ಕ್ಲ್ಯಾಂಪು, ಅರ್ಧ ಗಂಟೆಯ ಕೆಲಸ. ಆಸೆಪಟ್ಟು ತಂದ ಪೈಪನ್ನು ಯಾರೂ ಬಿಸಾಡಬೇಕಿಲ್ಲ. ಟ್ರ್ಯಾಕಿಗೆ ಹೋಗುವ ದಿನ ಅದು ಮೇಲೇರಲಿ.

ಎರಡನೆಯದು: ಓಡುವ ಮೊದಲು ನಿಲ್ಲುವುದು

ಗಂಟೆಗೆ 60 ಕಿ.ಮೀ.ಯಿಂದ 80ಕ್ಕೆ ಏರಿದರೆ ವೇಗ ಹೆಚ್ಚುವುದು ಮೂರನೇ ಒಂದು ಪಾಲು. ಬ್ರೇಕು ನುಂಗಬೇಕಾದ ಶಕ್ತಿ ಹೆಚ್ಚುವುದು ಶೇ 78ರಷ್ಟು. ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಏರುತ್ತದೆ ಎಂಬುದು ಹೈಸ್ಕೂಲಿನ ಪಾಠ. ಆದರೂ ಆಲ್ಟರ್ ಮಾಡಿಸಲು ಬರುವವರು ಮೊದಲು ಕೇಳುವುದು ‘ಎಷ್ಟು ಪಿಕಪ್ ಬರುತ್ತೆ ಅಣ್ಣ?’ ಎಂದು. ‘ಎಷ್ಟು ಬೇಗ ನಿಲ್ಲುತ್ತೆ?’ ಎಂದು ಕೇಳುವವರು ಅಪರೂಪ.

ಹವ್ಯಾಸದ ಬಜೆಟ್ಟಿನ ಮೊದಲ ಸಾವಿರಗಳು ಒಳ್ಳೆಯ ಬ್ರೇಕ್ ಪ್ಯಾಡಿಗೆ, ಹೊಸ ಬ್ರೇಕ್ ಆಯಿಲ್‌ಗೆ ಹೋಗಲಿ. ಡಾಟ್ 4 ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಆಗುಂಬೆ ಘಾಟಿಯೋ ಚಾರ್ಮಾಡಿಯೋ ಇಳಿಯುವಾಗ ಲಿವರ್ ಮೆತ್ತಗಾಯಿತು ಎಂದರೆ ಕಾರಣ ಬಹುತೇಕ ಅದೇ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿ ನೋಡಿ: 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಗ್ರಿಪ್ ಕಾಣಿಸುತ್ತಿದ್ದರೂ ಹಳೆ ರಬ್ಬರು ಗಡಸಾಗಿರುತ್ತದೆ, ಮೊದಲ ಮಳೆಗೆ ಜಾರುತ್ತದೆ. ಚೆಂದ ಕಾಣಲಿ ಎಂದು ಸಣ್ಣ ರಿಮ್ಮಿಗೆ ದಪ್ಪ ಟೈರು ತುರುಕಿದರೆ ಟೈರಿನ ಮೈ ಗೋಪುರದಂತೆ ಉಬ್ಬಿ ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಚಕ್ರದ ಅಳತೆಯೇ ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಎಬಿಎಸ್ ಲೆಕ್ಕವೂ ಹಳಿ ತಪ್ಪುತ್ತದೆ. ಹಳೆ ಹೆಡ್‌ಲೈಟ್ ಡೂಮಿಗೆ ಕಣ್ಣು ಕುಕ್ಕುವ ಬಲ್ಬು ಹಾಕುವುದೂ ಇದೇ ಸಾಲಿನದು; ಎದುರಿನವನು ಕುರುಡಾದರೆ ಸಾಯುವವರಲ್ಲಿ ನಾವೂ ಇರುತ್ತೇವೆ. 2024ರ ಜುಲೈಯಿಂದ ರಾಜ್ಯದ ಪೊಲೀಸರು ಇಂಥ ದೀಪಗಳ ಮೇಲೆ ವಿಶೇಷವಾಗಿ ಕೇಸು ಹಾಕತೊಡಗಿದ್ದು ಸುಮ್ಮನೆ ಅಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಶೇ 44.5 ದ್ವಿಚಕ್ರದವರು, ಶೇ 19.5 ನಡೆದುಹೋಗುತ್ತಿದ್ದವರು. ನಾವು ಎರಡೂ ಪಟ್ಟಿಯಲ್ಲಿ ಇರಬಹುದು, ಎರಡನೇ ಪಟ್ಟಿಗೆ ಇನ್ನೊಬ್ಬರನ್ನು ಸೇರಿಸಲೂಬಹುದು.

ಮೂರನೆಯದು: ಮಾರಾಟ

ಕೊಂಡು, ಸರಿಮಾಡಿ, ಕೆಲ ದಿನ ಓಡಿಸಿ, ಮಾರಿ, ಇನ್ನೊಂದು ತರುವುದು ನಮ್ಮ ಹವ್ಯಾಸದ ಉಸಿರು. ಅಲ್ಲಿ ನಡೆಯುವ ಅಸಡ್ಡೆಯೇ ಎಲ್ಲಕ್ಕಿಂತ ದುಬಾರಿ. ಮಾಲೀಕತ್ವ ವರ್ಗಾಯಿಸುವ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿ ಬ್ರೋಕರ್ ಕೈಗಿಟ್ಟು ದುಡ್ಡು ಎಣಿಸಿಕೊಂಡು ಮನೆಗೆ ಬರುತ್ತೇವೆ. ಆ ಗಾಡಿ ಮೂರು ಕೈ ದಾಟುತ್ತದೆ, ಆರ್.ಸಿ.ಯಲ್ಲಿ ಮಾತ್ರ ನಮ್ಮ ಹೆಸರೇ ಉಳಿಯುತ್ತದೆ. ಕೈಯಿಂದ ಕೈಗೆ ಹೋದ ಇಂಥದೇ ಒಂದು ಕಾರಿನ ಪ್ರಕರಣದಲ್ಲಿ, 2018ರ ಫೆಬ್ರುವರಿಯಲ್ಲಿ, ಅಪಘಾತದ ದಿನ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಗಾಡಿ ಮಾರಿ ವರ್ಷವಾಯಿತು ಎಂಬ ಮಾತು ಅಲ್ಲಿ ನಡೆಯಲಿಲ್ಲ.

ಆದ್ದರಿಂದ ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ. ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ವ್ಯಾಪಾರಿಗೆ ಕೊಡುವುದಾದರೆ ಅಧಿಕೃತ ನೋಂದಣಿ ಇದೆಯೇ ನೋಡಿ: 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಫಾರಂ 29ಸಿ ಮೂಲಕ ಗಾಡಿಯ ಹೊಣೆ ಅವರಿಗೆ ದಾಟುತ್ತದೆ. ಸಾಲ ತೀರಿದ್ದರೆ ಫಾರಂ 35 ಕೊಟ್ಟು ಆರ್.ಸಿ.ಯಿಂದ ಬ್ಯಾಂಕಿನ ಹೆಸರು ತೆಗೆಸಿ. ಬೇರೆ ರಾಜ್ಯದ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ತರುವವರು ಎನ್‌ಒಸಿ, ಇಲ್ಲಿನ ಜೀವಾವಧಿ ತೆರಿಗೆ ಎರಡನ್ನೂ ಬೆಲೆಗೆ ಕೂಡಿಸಿಕೊಂಡು ನೋಡಲಿ. ಆಮೇಲೆ ಅದು ಅಗ್ಗ ಅನ್ನಿಸುವುದು ಕಡಿಮೆ.

ಕಾಗದಕ್ಕಿಂತ ಕಷ್ಟದ್ದು ಬಾಯಿಬಿಟ್ಟು ಹೇಳುವುದು. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ತೆಗೆದುಕೊಳ್ಳಿ, ನಮ್ಮವರ ಅಚ್ಚುಮೆಚ್ಚಿನ ಕಾರು. ಅದರ 1.2 ಲೀಟರ್ ಟರ್ಬೊ ಎಂಜಿನ್ ಕಂಪನಿ ಲೆಕ್ಕದಲ್ಲಿ ಕೊಡುವುದು 175 ನ್ಯೂಟನ್ ಮೀಟರ್ ಟಾರ್ಕ್. ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಗೇರ್‌ಬಾಕ್ಸನ್ನು ರೂಪಿಸಿದ್ದು 250ರ ತನಕ ತಾಳುವಂತೆ. ಇಸಿಯು ರಿಮ್ಯಾಪ್ ಮಾಡಿ ಟರ್ಬೊ ಒತ್ತಡ ಏರಿಸಿದಾಗ ನಡುವಿನ ಆ ಅಂತರ ಕರಗುತ್ತದೆ, ಕ್ಲಚ್ಚು ಬೇಗ ಸವೆಯುತ್ತದೆ. ಮಾರುವ ಹಿಂದಿನ ದಿನ ಕಂಪನಿ ಮ್ಯಾಪ್ ವಾಪಸ್ ಹಾಕಿ ‘ಪೂರ್ತಿ ಸ್ಟಾಕ್, ಒಂದೇ ಕೈ’ ಎಂದು ಜಾಹೀರಾತು ಕೊಡುವುದು, ಗಂಡಿನ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದ ಹಾಗೆ. ಖರ್ಚು ಬೀಳುವುದು ನಂಬಿ ಬಂದ ಇನ್ನೊಂದು ಮನೆಗೆ.

ಒಂದು ಹಾಳೆ ಸಾಕು. ಏನು ಬದಲಿಸಿದೆ, ಯಾವಾಗ, ಯಾವ ಗ್ಯಾರೇಜಿನಲ್ಲಿ, ಬಿಲ್ ಇದೆಯೇ, ಕಳಚಿದ ಕಂಪನಿ ಭಾಗ ಜೊತೆಗೆ ಕೊಡುತ್ತಿದ್ದೇನೆಯೇ – ಇಷ್ಟು ಬರೆದು ಸಹಿ ಹಾಕಿ ಕೊಡಿ. ಬಣ್ಣ ಬದಲಾಗಿದ್ದರೆ ಆರ್.ಸಿ.ಯಲ್ಲಿ ನಮೂದಾಗಿರಲಿ, ಎಂಜಿನ್ ಬದಲಿಸುವುದಾದರೆ ಮೊದಲೇ ಆರ್‌ಟಿಒ ಒಪ್ಪಿಗೆ ಪಡೆದಿರಲಿ. ವಿಮೆ ಕಂಪನಿಗೂ ಹೇಳಿ; ಮುಚ್ಚಿಟ್ಟ ಬದಲಾವಣೆ ಸಿಕ್ಕಿದರೆ ಸ್ವಂತ ಗಾಡಿಯ ಹಾನಿಗೆ ಪರಿಹಾರ ಸಿಗದೆ ಹೋಗಬಹುದು. ಕೊಳ್ಳುವವರೂ ಆ ಹಾಳೆಯನ್ನು ಹಟಹಿಡಿದು ಕೇಳಿ. ಮುಖ್ಯವಾಗಿ ಆರ್‌ಎಕ್ಸ್ 100ರಂಥ ಬೇಡಿಕೆಯ ಹಳೆ ಗಾಡಿ ಕೊಳ್ಳುವಾಗ ಚಾಸಿಸ್ ನಂಬರು, ಎಂಜಿನ್ ನಂಬರುಗಳನ್ನು ಟಾರ್ಚ್ ಹಾಕಿ ನೋಡಿ, ಆರ್.ಸಿ.ಗೆ ತಾಳೆ ಹಾಕಿ. ಉಜ್ಜಿ ಮತ್ತೆ ಪಂಚ್ ಮಾಡಿದ ನಂಬರು ಕಂಡರೆ ಎಷ್ಟೇ ಕಡಿಮೆ ಬೆಲೆ ಹೇಳಲಿ, ಅಲ್ಲಿಂದ ಹೊರಟುಬಿಡಿ. ಆ ಗಾಡಿಯ ನಿಜವಾದ ಮಾಲೀಕ ಎಲ್ಲೋ ಇನ್ನೂ ಪೊಲೀಸ್ ಠಾಣೆಗೆ ಅಲೆಯುತ್ತಿರಬಹುದು.

ನಾಲ್ಕನೆಯದು: ವೇಗಕ್ಕೊಂದು ಜಾಗ

ಭಾನುವಾರದ ಬೆಳಗಿನ ಜಾವ ನಂದಿಬೆಟ್ಟದ ದಾರಿಯಲ್ಲಿ ಹಾಲಿನ ಕ್ಯಾನು ಹೊತ್ತ ಮೊಪೆಡ್‌ಗಳೂ ದ್ರಾಕ್ಷಿ ತೋಟಕ್ಕೆ ಹೊರಟ ಹೆಂಗಸರೂ ಇರುತ್ತಾರೆ. ಅದು ಅವರು ದಿನಾ ಓಡಾಡುವ ದಾರಿ. ಸಾರ್ವಜನಿಕ ರಸ್ತೆಯಲ್ಲಿ ರೇಸು ಆಡಿದರೆ 189ನೇ ಸೆಕ್ಷನ್ ಪ್ರಕಾರ ಮೂರು ತಿಂಗಳ ತನಕ ಸೆರೆ, 5,000 ರೂಪಾಯಿ ತನಕ ದಂಡ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ, 10,000. ವೇಗ ಬೇಕಿದ್ದರೆ ಟ್ರ್ಯಾಕುಗಳಿವೆ. ತಮಿಳುನಾಡಿನ ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಬೆಂಗಳೂರಿಂದ ಸುಮಾರು 300 ಕಿ.ಮೀ. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಸ್ಪರ್ಧೆಗೆ ಇಳಿಯುವವರಿಗೆ ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಕೊಡುತ್ತದೆ. ನಾಲ್ಕು ಜನ ಸೇರಿ ಗಾಡಿಗಳನ್ನು ಟೆಂಪೊದಲ್ಲಿ ಹಾಕಿಕೊಂಡು ಹೋದರೆ ಖರ್ಚು ಹಂಚಿಹೋಗುತ್ತದೆ. ಎದುರಿನಿಂದ ಯಾರೂ ಬರದ, ಅಂಚಿನಲ್ಲಿ ಆಂಬುಲೆನ್ಸ್ ನಿಂತ ದಾರಿಯಲ್ಲಿ ಒಂದು ದಿನ ಓಡಿಸಿ ನೋಡಿ. ನಿಮ್ಮ ಗಾಡಿಗೆ ನಿಜಕ್ಕೂ ಏನು ಬೇಕು ಎಂಬುದು ಅಲ್ಲಿ ತಿಳಿಯುತ್ತದೆ.

ಇನ್ನು ಕೆಲವರಿಗೆ

ಮೆಕ್ಯಾನಿಕ್ ಅಣ್ಣಂದಿರೇ, ಹುಡುಗರು ಅಪ್ಪನ ಮಾತಿಗಿಂತ ನಿಮ್ಮ ಮಾತು ಕೇಳುತ್ತಾರೆ. ‘ಇದನ್ನು ಮಾಡಿಕೊಡಲ್ಲ, ಮೊದಲು ಬ್ರೇಕ್ ಮಾಡಿಸು’ ಎಂದು ನೀವು ಹೇಳಿದರೆ ಅದಕ್ಕೆ ತೂಕವಿದೆ. ಒಂದು ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋಗಬಹುದು, ನಿಜ. ಆದ್ದರಿಂದ ಬೀದಿಯ ಗ್ಯಾರೇಜಿನವರೆಲ್ಲ ಸೇರಿ ಒಂದೇ ಮಾತು ಆಡಿ.

ಅಪ್ಪ ಅಮ್ಮಂದಿರೇ, ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ 199ಎ ಅಡಿ ಮೂರು ವರ್ಷದ ತನಕ ಸೆರೆ, 25,000 ರೂಪಾಯಿ ದಂಡ ನಿಮಗೆ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಅವನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಗಾಡಿಯ ಹುಚ್ಚಿದ್ದರೆ ಕೀಲಿಯ ಬದಲು ಸ್ಪಾನರ್ ಸೆಟ್ ಕೊಡಿಸಿ, ಒಳ್ಳೆಯ ಗ್ಯಾರೇಜಿಗೆ ರಜೆಯಲ್ಲಿ ಕಳಿಸಿ.

ಸಾರಿಗೆ ಇಲಾಖೆಗೆ, ಪೊಲೀಸರಿಗೆ ಒಂದು ಮಾತು. ಕಿವಿಯ ಅಂದಾಜಿನಲ್ಲಿ ಕೇಸು ಹಾಕುವ ಬದಲು ಮೀಟರ್ ಹಿಡಿದು ಅಳೆಯಿರಿ, ಅಂಕಿಯನ್ನು ರಸೀದಿಯಲ್ಲಿ ಬರೆಯಿರಿ. ಯಾವ ಬದಲಾವಣೆ ಸರಿ, ಯಾವುದಕ್ಕೆ ಒಪ್ಪಿಗೆ ಬೇಕು, ಯಾವುದು ಕೂಡದೇ ಕೂಡದು ಎಂಬ ಪಟ್ಟಿಯನ್ನು ಸರಳ ಕನ್ನಡದಲ್ಲಿ ಪ್ರತಿ ಆರ್‌ಟಿಒ ಗೋಡೆಗೆ ಅಂಟಿಸಿ. ಇಷ್ಟು ಮಂದಿ ರ‍್ಯಾಲಿ ಪಟುಗಳನ್ನು ಕೊಟ್ಟ ಈ ರಾಜ್ಯದಲ್ಲಿ, ಉದ್ದದ ಕಾಯಂ ಟ್ರ್ಯಾಕ್ ಬೇಕೆಂದರೆ ತಮಿಳುನಾಡಿನ ಗಡಿ ದಾಟಬೇಕಿದೆ. ಬಳಕೆಯಿಲ್ಲದ ಒಂದು ಏರ್‌ಸ್ಟ್ರಿಪ್ ಅನ್ನು ತಿಂಗಳಿಗೊಂದು ಭಾನುವಾರ, ಹಣ ಕಟ್ಟಿಸಿಕೊಂಡು, ಆಂಬುಲೆನ್ಸ್ ನಿಲ್ಲಿಸಿ ಬಿಟ್ಟುಕೊಡಿ.

ಆದರೆ ಗೆಳೆಯರೇ, ಈ ಕೊನೆಯ ಬೇಡಿಕೆಯನ್ನು ಸರ್ಕಾರದ ಮುಂದಿಡಲು ನಾವು ಮೊದಲು ಯೋಗ್ಯರಾಗಬೇಕು. ನಿಮ್ಮ ಊರಿನ ಕ್ಲಬ್ಬಿನ ಮುಂದಿನ ರೈಡಿಗೆ ಒಂದೇ ನಿಯಮ ಮಾಡಿ: ಕಂಪನಿ ಸೈಲೆನ್ಸರ್, ಒಳ್ಳೆಯ ಟೈರು, ಸರಿಯಾದ ಆರ್.ಸಿ. ಇಲ್ಲದ ಗಾಡಿಗೆ ಪ್ರವೇಶವಿಲ್ಲ, ಅದು ಅಧ್ಯಕ್ಷರದ್ದೇ ಆಗಿರಲಿ. ಒಂದು ವರ್ಷ ಹೀಗೆ ನಡೆಸಿ, ನಿಮ್ಮ ಬಡಾವಣೆಯ ನಿವಾಸಿಗಳ ಸಂಘದಿಂದ ‘ಇವರಿಂದ ನಮಗೆ ತೊಂದರೆಯಿಲ್ಲ’ ಎಂಬ ಒಂದು ಪತ್ರ ಬರೆಸಿಕೊಳ್ಳಿ. ಅಂಥ ಪತ್ರಗಳು ಜಿಲ್ಲೆಗೆ ಹತ್ತರಂತೆ ಬಂದರೆ ಟ್ರ್ಯಾಕ್ ಕೊಡಿ ಎಂಬ ಅರ್ಜಿಗೆ ಇಲ್ಲ ಎನ್ನುವುದು ಯಾವ ಮಂತ್ರಿಗೂ ಸುಲಭವಲ್ಲ. ಆ ಅರ್ಜಿಗೆ ಮೊದಲ ಸಹಿ ಹಾಕಲು ನಾನು ಸಿದ್ಧ. ಎರಡನೆಯದು ನಿಮ್ಮದಾಗಲಿ.